ಸಾಲಿನ ಕಡೆಯ ತಾಟು

ನಳಕ್ಕೆ ನೀರು ಬರುವ ಮುಂಚೆ ಏಳಬೇಕು. ಚಾಳಿನ ತುದಿಯ ನಳದಲ್ಲಿ ಮೊದಲು ಬರುವುದು ಗಾಳಿ. ಅದು ಗೊರಗೊರ ಎನ್ನುವ ಹೊತ್ತಿಗೆ ಬಾಲ್ದಿ ಅಲ್ಲಿರಬೇಕು. ಗಂಡಸರ ಸಾಲು ಹತ್ತುವ ಮೊದಲು ಸಂಡಾಸಿಗೆ ಹೋಗಿಬರಬೇಕು. ಪೀಪಾಯಿ ತುಂಬಬೇಕು. ಹಿಂದಿನ ದಿನದ ತಾಟುಗಳನ್ನು ಬೂದಿ ಹಚ್ಚಿ ತಿಕ್ಕಬೇಕು, ಒಂದಕ್ಕೊಂದು ತಾಗಿ ಸಪ್ಪಳವಾಗಬಾರದು. ಶೇಗಡಿಗೆ ಇದ್ದಲಿ ತುಂಬಿ, ಘಾಸಲೇಟ್ ಎಣ್ಣೆಯಲ್ಲಿ ಅದ್ದಿದ ಚಿಂದಿ ತುರುಕಿ, ಹೊಗೆ ಒಳಗೆ ಬಾರದಂತೆ ಗ್ಯಾಲರಿಯಲ್ಲಿಟ್ಟು ಬೀಸಬೇಕು. ಕೆಂಡ ಹಿಡಿಯುವಷ್ಟರಲ್ಲಿ ಹಿಟ್ಟು ಜರಡಿ ಹಿಡಿಯಬೇಕು, ಬೇಳೆ ಇಡಬೇಕು, ಬೆಳ್ಳುಳ್ಳಿ ಸುಲಿಯಬೇಕು. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕುಟ್ಟಬೇಕು. ಮಲಗಿದ ಗಂಡನಿಗೆ ಎಚ್ಚರವಾಗದಂತೆ ಒರಳಿನ ಕೆಳಗೆ ಗೋಣಿಚೀಲ ಮಡಚಿ ಹಾಕಬೇಕು. ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು, ಬಿಸಿಯಿರುವಾಗಲೇ ಕೈ ಹಾಕಿ ನಾದಬೇಕು. ಆರಿದರೆ ಜಿಗಿ ಹೋಗುತ್ತದೆ. ಆಮೇಲೆ ರೊಟ್ಟಿ. ಬಡಿದು, ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ಒರೆಸಿ, ತಿರುವಿ, ಉಬ್ಬಿಸಿ, ಬುಟ್ಟಿಗೆ. ಮತ್ತೆ ಬಡಿದು, ಮತ್ತೆ ಹಂಚಿಗೆ.

ಇಷ್ಟಾದರೂ ಹೊರಗೆ ಇನ್ನೂ ಕತ್ತಲೆಯೇ ಇರುತ್ತಿತ್ತು. ವಡಾಲ ಸ್ಟೇಷನ್ನಿನ ಹಿಂದಿನ ಆ ಚಾಳಿನಲ್ಲಿ ಇದನ್ನೆಲ್ಲ ಮಾಡುತ್ತಿದ್ದವಳ ಹೆಸರು ಸೋಮವ್ವ. ಖಾನಾವಳಿಯ ಹೆಸರು ಮಾತ್ರ ಮರೆಪ್ಪನ ಖಾನಾವಳಿ. ಮರೆಪ್ಪ ಅವಳ ಗಂಡ.

ನಿಜಕ್ಕೂ ಅದು ಅಂಬವ್ವನದು. ಅಂಬವ್ವ ಸೋಮವ್ವನ ಚಿಗವ್ವ. ಚಿಕ್ಕ ವಯಸ್ಸಿನಲ್ಲೇ ಗಂಡ ಸತ್ತ ಮೇಲೆ ಇಂಡಿ ತಾಲೂಕಿನಿಂದ ಕಲ್ಲೊಡೆಯುವ ಗುಂಪಿನ ಜೊತೆ ಮುಂಬಯಿಗೆ ಬಂದವಳು. ಬಂದರಿನ ಗೋದಿಯಲ್ಲಿ, ಹಡಗುಕಟ್ಟೆಯಲ್ಲಿ, ಮೂಟೆ ಹೊರುವ ಬಿಜಾಪುರದ ಕಡೆಯ ಗಂಡಸರು ಅನ್ನ, ಪಾವು ತಿಂದು ಬೇಸತ್ತಿದ್ದರು. ಅವರಿಗೆ ರೊಟ್ಟಿ ಬಡಿದು ಹಾಕತೊಡಗಿದಳು. ಕೈ ಸಾಲದಾದಾಗ ಅಕ್ಕನ ಮಗಳು ಸೋಮವ್ವನನ್ನು ಊರಿನಿಂದ ಕರೆಸಿಕೊಂಡಳು. ಅದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದ, ಮಾತಿನಲ್ಲಿ ಚೆನ್ನಾಗಿದ್ದ, ಭಜನೆಯಲ್ಲಿ ತಾಳ ಹಾಕುತ್ತಿದ್ದ ಮರೆಪ್ಪನಿಗೆ ಕೊಟ್ಟು ಮದುವೆ ಮಾಡಿದಳು. ಅಂಬವ್ವ ಸತ್ತ ಮೇಲೆ ಮರೆಪ್ಪ ಗೋದಿಯ ಕೆಲಸ ಬಿಟ್ಟ. ಬಾಗಿಲ ಹತ್ತಿರ ಒಂದು ಸ್ಟೂಲು ಹಾಕಿಕೊಂಡು ಕೂತು ಬಂದವರನ್ನು ಮಾತಾಡಿಸುವುದು, ಹೋಗುವವರಿಂದ ದುಡ್ಡು ತೆಗೆದುಕೊಳ್ಳುವುದು ಅವನ ಕೆಲಸವಾಯಿತು. ಖೋಲಿಯ ಬಾಡಿಗೆ ಚೀಟಿ ಸತ್ತ ಅಂಬವ್ವನ ಹೆಸರಿನಲ್ಲೇ ಬರುತ್ತಿತ್ತು. ಅಂಥ ಖೋಲಿಗಳಲ್ಲಿ ಯಾರು ಇರುತ್ತಾರೋ ಖೋಲಿ ಅವರದು. ಬಿಟ್ಟು ಹೋದವರದ್ದಲ್ಲ.

ಅಂಬವ್ವ ಬಿಟ್ಟುಹೋದದ್ದು ಇನ್ನೂ ಒಂದಿತ್ತು. ಗೋಡೆಗುಂಟ ತಾಟು ಹಾಕಿದರೆ ಕಡೆಯ ತಾಟಿಗೆ ರೊಟ್ಟಿ ಬೀಳುವತನಕ ಮೊದಲ ತಾಟಿನವನು ಕೈ ಹಚ್ಚುವಂತಿಲ್ಲ. ಎಷ್ಟೇ ಹಸಿದಿರಲಿ, ಗೋದಿಯ ಭೋಂಗಾ ಕೂಗುತ್ತಿರಲಿ. ಒಬ್ಬನನ್ನು ಹಸಿದು ಕೂರಿಸಿ ಇನ್ನೊಬ್ಬ ಉಂಡರೆ ಆ ಅನ್ನ ಅನ್ನವಲ್ಲ ಎನ್ನುತ್ತಿದ್ದಳು. ಊರಿನಲ್ಲಿ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಕೂತು ಉಣ್ಣದಿದ್ದವರೂ ಅಲ್ಲಿ ಮೊಳಕೈಗೆ ಮೊಳಕೈ ತಾಗಿಸಿ ಕೂರುತ್ತಿದ್ದರು. ಹೊಸಬ ಯಾರಾದರೂ ಅವಸರಪಟ್ಟು ರೊಟ್ಟಿ ಮುರಿದರೆ ಉಳಿದವರೆಲ್ಲ ಅವನ ಕೈಯನ್ನೇ ನೋಡುತ್ತಿದ್ದರು.

ಸಾಲಿನಲ್ಲಿ ಹೆಂಗಸರ ತಾಟು ಇರಲಿಲ್ಲ. ಎಲ್ಲರದೂ ಮುಗಿದು, ಮುಸುರೆ ತೆಗೆದು, ನೆಲ ಒರೆಸಿದ ಮೇಲೆ ಸೋಮವ್ವ ಬುಟ್ಟಿಯ ತಳದಲ್ಲಿ ಉಳಿದದ್ದನ್ನು ತಿನ್ನುತ್ತಿದ್ದಳು. ದಿನವೆಲ್ಲ ಬಿಸಿ ರೊಟ್ಟಿ ಮಾಡುವವಳು ಬಿಸಿ ರೊಟ್ಟಿ ತಿಂದದ್ದು ಅವಳಿಗೇ ನೆನಪಿರಲಿಲ್ಲ.

ಮರೆಪ್ಪ ಹೊಡೆಯುತ್ತಿದ್ದ. ಕುಡಿದು ಹೊಡೆಯುತ್ತಿದ್ದ ಎಂದರೆ ಹೇಳುವುದು ಸುಲಭವಾಗುತ್ತಿತ್ತು, ಆದರೆ ಅವನು ಕುಡಿಯುತ್ತಿರಲಿಲ್ಲ. ಇದ್ದಲಿ ಒದ್ದೆಯಾಗಿ ಹೊಗೆ ಬಂದರೆ ಹೊಡೆದ. ಸಾಲಿನಲ್ಲಿ ಉಣ್ಣುವ ಶೆಟ್ಟೆಪ್ಪನ ಚೇಷ್ಟೆಗೆ ಅವಳು ನಕ್ಕರೆ ಹೊಡೆದ. ಮಕ್ಕಳಾಗಲಿಲ್ಲವೆಂದು ಊರಿಂದ ಅವನ ತಾಯಿ ಹೇಳಿಕಳಿಸಿದಾಗ ಹೊಡೆದ. ಎಪ್ಪತ್ತೆರಡರ ಬರದ ವರ್ಷ ರೇಶನ್ ಅಂಗಡಿಯಲ್ಲಿ ಬಿಳಿ ಜೋಳ ಹೋಗಿ ಕೆಂಪು ಮಿಲೋ ಬಂತು. ಆ ಹಿಟ್ಟು ಎಷ್ಟು ನಾದಿದರೂ ಕೂಡಿಕೊಳ್ಳುತ್ತಿರಲಿಲ್ಲ, ಹಂಚಿನ ಮೇಲೆ ರೊಟ್ಟಿ ಸೀಳುತ್ತಿತ್ತು. ಸೀಳಿದ ರೊಟ್ಟಿಗಾಗಿ ಕಬ್ಬಿಣದ ಸವಟಿನಿಂದ ಹೊಡೆದು ಹುಬ್ಬು ಒಡೆದ.

ಆಗ ಬಾಗಿಲ ಹೊರಗಿನ ಗ್ಯಾಲರಿಯಲ್ಲಿ ಊಟಕ್ಕೆ ಬಂದವರು ನಿಂತಿದ್ದರು. ಒಳಗಿನದು ನಿಲ್ಲುವವರೆಗೆ ಅವರು ಬೀಡಿ ಸೇದುತ್ತ ರೈಲಿನ ಹಳಿ ನೋಡುತ್ತಿದ್ದರು. ನಿಂತ ಮೇಲೆ ಒಳಗೆ ಬಂದು ಸಾಲಾಗಿ ಕೂತರು.

ಅವರಲ್ಲಿ ಗದಿಗೆಪ್ಪನೂ ಇದ್ದ. ಗದಿಗೆಪ್ಪ ಸೋಮವ್ವನ ತವರೂರಿನವನು, ಅವಳಿಗಿಂತ ಸ್ವಲ್ಪ ದೊಡ್ಡವನು. ಮುಲುಂಡಿನಲ್ಲಿ ಏಳುತ್ತಿದ್ದ ಹೊಸ ಬಿಲ್ಡಿಂಗುಗಳ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಅಷ್ಟು ದೂರ ಗಾಡಿ ಬದಲಿಸಿ ಹೋಗಬೇಕಾದರೂ ರೊಟ್ಟಿಗಾಗಿ ವಡಾಲದಲ್ಲೇ ಉಳಿದಿದ್ದ. ಸೋಮವ್ವನಿಗೆ ಒಡಹುಟ್ಟಿದವರಿರಲಿಲ್ಲ. ನಾಗರಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಅಣ್ಣ ಬರಬೇಕಲ್ಲ, ಆ ಅಣ್ಣ ತಾನಾಗುತ್ತೇನೆಂದು ಅವನೇ ಮುಂದೆ ಬಂದಿದ್ದ. ಪಂಚಮಿಯ ಹಿಂದಿನ ದಿನ ಒಂದು ಕುಪ್ಪಸದ ಖಣ ತರುತ್ತಿದ್ದ. ಪಂಚಮಿಯಂದು ಹೇಗೂ ಹಂಚು ಒಲೆಗೇರಿಸುವಂತಿಲ್ಲ. ಅವಳನ್ನು ಲೋಕಲ್ಲಿನಲ್ಲಿ ಮುಲುಂಡಿಗೆ ಕರೆದುಕೊಂಡು ಹೋಗುತ್ತಿದ್ದ. ಅರ್ಧ ಕಟ್ಟಿದ ಬಿಲ್ಡಿಂಗಿನ ಹಿಂದೆ ಒಂದು ಹುಣಸೆಮರಕ್ಕೆ, ಗಾರೆಯವರು ಹತ್ತಿ ನಿಲ್ಲುವ ಪರಾತಿ ಕಟ್ಟುವ ಹಗ್ಗದಿಂದಲೇ ಜೋಕಾಲಿ ಹಾಕಿರುತ್ತಿದ್ದರು. ಗಾರೆ ಕೆಲಸದ ಹೆಂಗಸರ ಜೊತೆ ಸೋಮವ್ವನೂ ಜೀಕುತ್ತಿದ್ದಳು. ಅವಳು ಯಾರಿಗೂ ಬಡಿಸದ ದಿನ ವರ್ಷದಲ್ಲಿ ಅದೊಂದೇ. ಗದಿಗೆಪ್ಪ ಹಗ್ಗ ಹಿಡಿದು, “ಇನ್ನೂ ಮ್ಯಾಲ ಹೋಗ್ತಿ ಏನ್ ತಂಗಿ? ಊರ ಕಾಣತೈತಿ ನೋಡು!” ಎನ್ನುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡು, “ಕಾಣ್ತು, ಕಾಣ್ತು” ಎನ್ನುತ್ತಿದ್ದಳು.

ಹುಬ್ಬಿನ ಗಾಯವನ್ನು ಕೇಳಿದವಳು ವಿನೋದಿನಿ. ವಡಾಲದ ಕಾಲೊನಿಯಲ್ಲಿದ್ದ ಉಡುಪಿಯ ಕಡೆಯವರ ಮಗಳು, ಫೋರ್ಟಿನಲ್ಲಿ ಒಬ್ಬ ದೊಡ್ಡ ವಕೀಲರ ಕೈಕೆಳಗೆ ಕೆಲಸ ಮಾಡುತ್ತಿದ್ದ ಹೊಸ ವಕೀಲೆ. ಅವಳ ತಾಯಿ ಸೋಮವ್ವನಿಂದ ಶೇಂಗಾ ಹಿಂಡಿ ಕೊಳ್ಳುತ್ತಿದ್ದರು. ಹಿಂಡಿಯ ಡಬ್ಬಿ ಕೊಡಲು ಹೋದ ಸೋಮವ್ವನ ಪಟ್ಟಿ ಕಟ್ಟಿದ ಹಣೆ ನೋಡಿ ವಿನೋದಿನಿ ಬಾಗಿಲಲ್ಲೇ ನಿಲ್ಲಿಸಿದಳು.

“ಎಂತ ಆದದ್ದು ಸೋಮಕ್ಕ? ಜಾರಿ ಬಿದ್ದದ್ದು ಅಂತ ಮಾತ್ರ ಹೇಳಬೇಡಿ, ಅದು ಎಲ್ಲರೂ ಹೇಳ್ತಾರೆ.”

“ಮತ್ತ ಎಲ್ಲಾರೂ ಜಾರೇ ಬಿದ್ದಿರಬೇಕಲ್ರಿ” ಎಂದು ಸೋಮವ್ವ ನಕ್ಕಳು. ನಕ್ಕಾಗ ಹುಬ್ಬು ಎಳೆದು ನೋಯಿತು, ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಪೊಲೀಸರ ಹತ್ತಿರ ಹೋಗಿದ್ದಿರಾ ಎಂದು ಕೇಳಿದಾಗ, ಹೋಗಿದ್ದೆ, ಗಂಡ ಹೆಂಡತಿ ಜಗಳ ಮನೆಯಲ್ಲೇ ಮುಗಿಸಿಕೋ ಅಂದು ಚಹಾ ಕುಡಿಸಿ ಕಳಿಸಿದರು ಎಂದಳು. ಗಂಡ ಹೆಂಡತಿಯನ್ನು ಬಿಡಿಸುವ ಊರ ಪಂಚರ ಸೋಡಚೀಟಿಯ ಮಾತೂ ಬಂತು. ಅದಕ್ಕೆ ಮರೆಪ್ಪ ಒಪ್ಪಬೇಕು. ರೊಟ್ಟಿ ಬಡಿಯುವ ಕೈಯನ್ನು ಅವನು ಯಾಕೆ ಬಿಡುತ್ತಾನೆ?

“ಕೋರ್ಟಿನ್ಯಾಗ ಸೋಡಚೀಟಿ ಕೊಡ್ತಾರೇನ್ರಿ?”

“ಹೊಡೆದದ್ದಕ್ಕೆ ವಿಚ್ಛೇದನ ಇಲ್ಲ ಸೋಮಕ್ಕ. ಈಗಿನ ಕಾನೂನು ಹಾಗುಂಟು. ಆದರೆ ಇವನ ಜೊತೆ ಇರೋದು ಅಪಾಯ ಅಂತ ತೋರಿಸಿದರೆ, ಜೊತೆಗೆ ಇರಬೇಕಾಗಿಲ್ಲ ಅಂತ ಕೋರ್ಟು ಬರೆದು ಕೊಡ್ತದೆ. ಆಮೇಲೆ ನಿಮ್ಮ ಗಂಡ ಬಂದು ನೀನು ನನ್ನ ಹೆಂಡತಿ, ನನ್ನ ಜೊತೆ ಇರು ಅಂತ ಒತ್ತಾಯ ಮಾಡ್ಲಿಕ್ಕೆ ಬರುವುದಿಲ್ಲ. ಸ್ವಲ್ಪ ವರ್ಷ ಹಾಗೆ ಕಳೆದರೆ ಬಿಡುಗಡೆ ಕೇಳಬಹುದು.”

ಸೋಮವ್ವ ಅದನ್ನು ಒಳಗೇ ಒಂದು ಸಲ ಹೇಳಿಕೊಂಡಳು. ಜೊತೆಗೆ ಇರಬೇಕಾಗಿಲ್ಲ.

“ಈಗ ನೀವು ಮೊದಲು ಆ ಖೋಲಿ ಬಿಟ್ಟು ಬನ್ನಿ. ಕೇಸಿಗೆ ಅದು ಒಳ್ಳೆಯದು.”

“ಒಲಿ ಬಿಟ್ಟು?”

“ಒಲೆ ಎಲ್ಲಿ ಬೇಕಾದರೂ ಹೂಡಬಹುದು.”

“ಹೂಡಬಹುದ್ರಿ. ಉಣ್ಣವರು ಎಲ್ಲಿಂದ ಬರ್ತಾರ? ನಾ ಹೊರಗ ಕಾಲಿಟ್ಟೆ ಅಂದ್ರ ಖೋಲಿ ಅವಂದಾಗತೈತಿ. ಚಿಗವ್ವ ಮೈಯೆಲ್ಲಾ ಸುಟಗೊಂಡು ಮಾಡಿದ್ದರಿ ಅದು.”

ಹೀಗೆ ಸೋಮವ್ವ ಗಂಡನ ಮೇಲೆ ದಾವೆ ಹಾಕಿ, ಅದೇ ಖೋಲಿಯಲ್ಲಿ, ಅದೇ ಗಂಡನಿಗೆ ರೊಟ್ಟಿ ಬಡಿಯುತ್ತ ಇದ್ದಳು. ಸಾಕ್ಷಿಗೆ ಬರುತ್ತೀಯಾ ಎಂದು ಗದಿಗೆಪ್ಪನನ್ನು ಕೇಳಿದಳು. ಅವನು ತಲೆ ಕೆರೆದುಕೊಂಡು, “ಬರ್ತೀನಿ ತಂಗಿ. ನಾ ಬರದಿದ್ರ ಮತ್ತ ಯಾರು ಬರ್ತಾರ?” ಎಂದ. ನೋಟೀಸು ಬಂದ ದಿನ ಮರೆಪ್ಪ ಅದನ್ನು ಸಾಲಿನಲ್ಲಿ ಕೂತವರಿಗೆಲ್ಲ ತೋರಿಸಿ ನಕ್ಕ. “ನೋಡ್ರೆಪಾ, ನಮ್ಮ ಬಾಯಿಸಾಹೇಬರು ಹೈಕೋರ್ಟಿಗೆ ಹೊಂಟಾರ!” ಅವರೂ ನಕ್ಕರು. ದಾವೆ ನಡೆದಷ್ಟು ದಿನ ಅವನು ಅವಳ ಮೇಲೆ ಕೈ ಎತ್ತಲಿಲ್ಲ. ಅವನ ವಕೀಲ ಹೇಳಿರಬೇಕು.

ಕೋರ್ಟಿನ ದಿನವೂ ಸೋಮವ್ವ ಎಂದಿನಂತೆ ಎದ್ದು, ಎಲ್ಲರಿಗೂ ಉಣ್ಣಿಸಿ, ಗದಿಗೆಪ್ಪ ಹಿಂದಿನ ವರ್ಷ ಕೊಟ್ಟ ಖಣದ ಕುಪ್ಪಸ ಹಾಕಿಕೊಂಡು ಫೋರ್ಟಿಗೆ ಹೋದಳು. ಕಟಕಟೆಯಲ್ಲಿ ನಿಂತಾಗ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಧಾರವಾಡದ ಕಡೆಯ ಒಬ್ಬ ವಯಸ್ಸಾದ ದುಭಾಷಿ ಅವಳ ಮಾತನ್ನು ಇಂಗ್ಲಿಷಿಗೆ ಮಾಡುತ್ತಿದ್ದ. ವಿನೋದಿನಿ ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳಿದಳು: ಸವಟು, ಹುಬ್ಬು, ಅದಕ್ಕೂ ಹಿಂದಿನ ಮುಂಗೈ, ಅದಕ್ಕೂ ಹಿಂದಿನ ಬೆನ್ನು. ನ್ಯಾಯಾಧೀಶರು ಬರೆದುಕೊಂಡರು. ಅವರು ನಂಬುತ್ತಿದ್ದಾರೆಂದು ಅವಳಿಗೂ ಗೊತ್ತಾಯಿತು.

ಆಮೇಲೆ ಮರೆಪ್ಪನ ವಕೀಲ ಎದ್ದ. ಹೌದು ಇಲ್ಲ ಅಷ್ಟೇ ಹೇಳಿ ಎಂದು ವಿನೋದಿನಿ ಮೊದಲೇ ತಾಕೀತು ಮಾಡಿದ್ದಳು. ಮೊದಲು ಸ್ವಲ್ಪ ಹೊತ್ತು ಹಾಗೇ ನಡೆಯಿತು. ಅವನು ದಾರಿ ಬದಲಿಸಿದ.

“ಬೆಳಿಗ್ಗೆ ಖಾನಾವಳಿಗೆ ಬರುವ ಗಂಡಸರ ಜೊತೆ ನಗುತ್ತ ಮಾತಾಡುತ್ತೀರಿ.”

“ಮಾತಾಡಸ್ತೀನ್ರಿ.”

“ಅವರ ಜೊತೆ ನಗುತ್ತ ಇದ್ದು ಗಂಡನನ್ನು ಮರೆಯುತ್ತೀರಿ. ಊರ ಗಂಡಸರಿಗೆಲ್ಲ ಬಿಸಿ ರೊಟ್ಟಿ, ಕಟ್ಟಿಕೊಂಡವನಿಗೆ ಉಪವಾಸ. ಹಸಿದ ಗಂಡ ಒಂದು ಮಾತು ಹೆಚ್ಚು ಆಡಿರಬಹುದು. ಹೌದೋ ಅಲ್ಲವೋ?”

ದುಭಾಷಿ ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಸೋಮವ್ವನಿಗೆ ಅರ್ಥವಾಗಿತ್ತು. ಇಷ್ಟು ವರ್ಷದಲ್ಲಿ ಯಾರೂ ಅವಳಿಗೆ ಆ ಮಾತು ಆಡಿರಲಿಲ್ಲ. ಮರೆಪ್ಪ ಕೂಡ ಆಡಿರಲಿಲ್ಲ.

“ಯಾರಿಗೆ ಉಪಾಸ? ನನ್ನ ಕೈಯಾಗ?” ಅವಳ ದನಿ ಏರಿತು. “ಒಂದ ದಿನ ಇಲ್ಲರಿ ಸಾಹೇಬ್ರ. ಹುಬ್ಬು ಒಡದ ದಿನಾ ಸೈತ ಇಲ್ಲ. ಕಣ್ಣಾಗ ರಗತ ಇಳೀತಿತ್ತು, ಒಂದ ಕೈಲೆ ಅರಿವಿ ಒತ್ತಿಹಿಡದು ಇನ್ನೊಂದ ಕೈಲೆ ಬಡದೀನಿ. ಅವ ಆರಿದ ರೊಟ್ಟಿ ತಿನ್ನಂಗಿಲ್ಲ. ಬಿಸೀದು, ಬೆಣ್ಣಿ ಹಚ್ಚಿ ಕೊಟ್ಟೀನಿ. ಉಂಡು ಮಕ್ಕೊಂಡಾನ. ಮರದಿನಾನೂ ಕೊಟ್ಟೀನಿ, ಇವತ್ತ ಮುಂಜಾನೆನೂ ಕೊಟ್ಟು ಬಂದೀನಿ. ಬೇಕಾರ ಅವನ್ನ ಕೇಳ್ರಿ!”

ದುಭಾಷಿ ಒಮ್ಮೆ ವಿನೋದಿನಿಯ ಕಡೆ ನೋಡಿದ. ಆಮೇಲೆ ಒಂದೊಂದೇ ಮಾತಾಗಿ ಇಂಗ್ಲಿಷಿನಲ್ಲಿ ಹೇಳಿದ, ಬೆಣ್ಣೆಯನ್ನೂ ಬಿಡದೆ. ಹಿಂದಿನ ಬೆಂಚಿನಲ್ಲಿ ಮರೆಪ್ಪ ಹೌದೆಂದು ತಲೆಯಾಡಿಸಿದ. ಆ ಕೋರ್ಟಿನಲ್ಲಿ ಗಂಡ ಹೆಂಡತಿ ಒಪ್ಪಿದ್ದು ಅದೊಂದೇ ಮಾತನ್ನು. ಅವನ ವಕೀಲ ಇನ್ನೇನೂ ಕೇಳುವುದಿಲ್ಲವೆಂದು ಕೂತ. ಸೋಮವ್ವ ತಲೆಯೆತ್ತಿ ಕಟಕಟೆಯಿಂದ ಇಳಿದಳು. ಗೆದ್ದೆನೆಂದುಕೊಂಡಿದ್ದಳು.

ಅವಳ ನಂತರ ಗದಿಗೆಪ್ಪ ನಿಂತ. ಮರೆಪ್ಪ ಹೊಡೆದದ್ದನ್ನು ನೋಡಿದ್ದೀರಾ? ನೋಡಿಲ್ಲರಿ. ಕೇಳಿದ್ದೀರಾ? ಗದಿಗೆಪ್ಪ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. “ಆ ಮನ್ಯಾಗ ಯಾವಾಗ್ಲೂ ಸಪ್ಪಳ ಇರ್ತದರಿ. ರೊಟ್ಟಿ ಮಾಡೂ ಸಪ್ಪಳ ಅಂತ ತಿಳದಿದ್ದೆ.”

ಸೋಮವ್ವ ಅವನನ್ನೇ ನೋಡುತ್ತಿದ್ದಳು. ಅವನು ಹೊರಗೆ ಹೋಗುವವರೆಗೂ ಟೋಪಿಯಿಂದ ಕಣ್ಣು ತೆಗೆಯಲಿಲ್ಲ.

ಕೋರ್ಟಿನ ಎದುರಿನ ಗಲ್ಲಿಯ ಉಡುಪಿ ಹೊಟೇಲಿನಲ್ಲಿ ವಿನೋದಿನಿ ಅವಳಿಗೆ ಕಾಫಿ ತರಿಸಿದಳು. ಬೇರೆಯವರು ಮಾಡಿದ್ದನ್ನು ಬೇರೆಯವರು ತಂದು ಮುಂದಿಟ್ಟದ್ದು ಸೋಮವ್ವನಿಗೆ ಮುಜುಗರವಾಯಿತು.

“ಗದಿಗೆಪ್ಪಣ್ಣ ಹಿಂಗ ಮಾಡತಾನ ಅಂತ ಕನಸಿನಾಗೂ ಇರ್ಲಿಲ್ರಿ. ಅವನಿಂದ ಹೋತು.”

“ಅವನಿಂದ ಅಲ್ಲ ಸೋಮಕ್ಕ.” ವಿನೋದಿನಿ ಕಪ್ಪಿನ ಕಿವಿ ಹಿಡಿದು ಕೂತಿದ್ದಳು, ಕುಡಿಯಲಿಲ್ಲ. “ಹೊಡೆದದ್ದನ್ನು ನ್ಯಾಯಾಧೀಶರು ನಂಬಿದ್ದಾರೆ. ಆದರೆ ಹೊಡೆದ ಮೇಲೂ ಮೊದಲಿನ ಹಾಗೇ ಅಡಿಗೆ ಮಾಡಿ ಬಡಿಸಿ, ಅದೇ ಖೋಲಿಯಲ್ಲಿ ಸಂಸಾರ ಮಾಡಿದ್ರೆ, ಹೆಂಡತಿ ಕ್ಷಮಿಸಿದ್ದಾಳೆ ಅಂತ ಕಾನೂನು ತಿಳಿಯುತ್ತದೆ. ಕ್ಷಮಿಸಿದ ಮೇಲೆ ಕೇಸಿಲ್ಲ.”

“ನಾ ಯಾವಾಗ ಕ್ಷಮಾ ಮಾಡಿದೆ?”

“ರೊಟ್ಟಿ ಕೊಟ್ಟಾಗ.”

ಸೋಮವ್ವನಿಗೆ ಇದು ಹುಡುಗಿಯ ಚೇಷ್ಟೆಯೆನಿಸಿತು. ಅವಳ ಮುಖ ನೋಡಿದ ಮೇಲೆ ಹಾಗೆನಿಸಲಿಲ್ಲ.

“ರೊಟ್ಟಿ ಕೊಡೂದು ಕ್ಷಮಾ ಏನ್ರಿ ಬಾಯಾರ? ಅದು ಕೆಲಸ ಅಲ್ಲೇನ್ರಿ?”

ವಿನೋದಿನಿ ಕಪ್ಪನ್ನು ಪಕ್ಕಕ್ಕೆ ಸರಿಸಿದಳು. ಕಾಫಿಯ ಮೇಲೆ ಕೆನೆ ಕಟ್ಟಿತು.

ತೀರ್ಪು ಅವಳು ಹೇಳಿದಂತೆಯೇ ಬಂತು. ಹೊಡೆದದ್ದು ಸಾಬೀತಾಗಿದೆ, ಆದರೆ ಹೆಂಡತಿ ತನ್ನ ನಡತೆಯಿಂದ ಅದನ್ನು ಮನ್ನಿಸಿದ್ದಾಳೆ, ದಾವೆ ವಜಾ. ಗದಿಗೆಪ್ಪನ ಸುಳ್ಳನ್ನು ನ್ಯಾಯಾಧೀಶರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವನು ಅದನ್ನು ಹೇಳಬೇಕಾಗಿಯೇ ಇರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ವಿನೋದಿನಿ ಅವಳ ಮೊಳಕೈ ಹಿಡಿದುಕೊಂಡು ನಿಂತಳು. “ಒಂದು ಮಾತು ನೆನಪಿಡಿ ಸೋಮಕ್ಕ. ಈ ಕ್ಷಮೆ ಶಾಶ್ವತ ಅಲ್ಲ. ಇನ್ನೊಮ್ಮೆ ಅವರು ಕೈ ಎತ್ತಿದರೆ ಹಳೆಯದಕ್ಕೆಲ್ಲ ಮತ್ತೆ ಜೀವ ಬರ್ತದೆ, ನಾನು ಹೊಸ ದಾವೆ ಹಾಕ್ತೇನೆ. ಆದರೆ ಅವತ್ತಿನಿಂದ ಅವರಿಗೆ ಒಂದು ತುತ್ತು ನೀವು ಹಾಕುವ ಹಾಗಿಲ್ಲ. ಹತ್ತಿರ ಮಲಗುವ ಹಾಗೂ ಇಲ್ಲ. ಹಾಕಿದಿರಿ ಅಂದ್ರೆ ಮತ್ತೆ ಕ್ಷಮಿಸಿದ ಹಾಗೆ.”

“ಇನ್ನೊಮ್ಮೆ ಹೊಡೀಲಿ ಅಂತ ದಾರಿ ನೋಡ್ಲೇನ್ರಿ?”

“ಮಾರಾಯ್ರೆ, ನಾನು ಹಾಗೆ ಹೇಳಿದ್ದಲ್ಲ.” ಹುಡುಗಿಯ ಕಣ್ಣಲ್ಲಿ ನೀರು ಬಂತು.

ಮರೆಪ್ಪ ಪೇಢೆ ಹಂಚಿದ. ಮೊದಲೆಲ್ಲ ಎಲ್ಲರೂ ಹೋದ ಮೇಲೆ ಆರಾಮವಾಗಿ ಉಣ್ಣುತ್ತಿದ್ದವನು ಈಗ ಸಾಲಿನಲ್ಲೇ ಕೂರತೊಡಗಿದ, ಬಾಗಿಲ ಹತ್ತಿರದ ಕಡೆಯ ತಾಟಿಗೆ. ನಾಲ್ಕು ಜನ ನೋಡುವಂತೆ ದಿನಾ ಹೆಂಡತಿಯ ಕೈಯಿಂದ ಬಡಿಸಿಕೋ ಎಂದು ವಕೀಲ ಹೇಳಿದ್ದಾನೆಂದು ಶೆಟ್ಟೆಪ್ಪನ ಮುಂದೆ ಅವನೇ ಆಡಿಕೊಂಡಿದ್ದ. ಕಡೆಯ ತಾಟಿಗೆ ರೊಟ್ಟಿ ಬೀಳದೆ ಸಾಲು ಕೈ ಹಚ್ಚುವಂತಿಲ್ಲ ಎನ್ನುವುದು ವಕೀಲನಿಗೆ ಗೊತ್ತಿರಲಿಲ್ಲ. ಮರೆಪ್ಪನಿಗೆ ಗೊತ್ತಿತ್ತು.

ಗದಿಗೆಪ್ಪ ಮರುದಿನವೇ ಊಟಕ್ಕೆ ಬಂದ. ಸೋಮವ್ವ ಬಡಿಸಿದಳು. ಉಂಡು ಗ್ಯಾಲರಿಗೆ ಹೋದವನ ಕೈಗೆ ತಂಬಿಗೆಯಿಂದ ನೀರು ಸುರಿಯುತ್ತ ಕೇಳಿದಳು, “ಅಣ್ಣಾ, ರೊಟ್ಟಿ ಸಪ್ಪಳ ಯಾವುದು, ಮತ್ತೊಂದು ಯಾವುದು, ನಿನಗ ಫರಕ್ ತಿಳಿಯಂಗಿಲ್ಲೇನು?”

ಗದಿಗೆಪ್ಪ ತೊಳೆದ ಕೈಯನ್ನೇ ತೊಳೆದ. “ಆಣಿ ಮಾಡಿಸಿದ್ರವ್ವ. ಆಣಿ ಮಾಡೂಮುಂದ ಉಂಡ ಉಪ್ಪು ನೆನಪಾತು. ಮರೆಪ್ಪನ ಮನ್ಯಾಗ ಇಷ್ಟು ವರ್ಷ ಉಂಡು, ಮರೆಪ್ಪನ ಮ್ಯಾಲೆ ಹ್ಯಾಂಗ ಹೇಳ್ಲಿ?”

“ಮರೆಪ್ಪನ ಮನಿ.”

“ಹಂಗ ಅಲ್ಲ ತಂಗಿ...”

“ಉಪ್ಪು ಹಾಕಿದಾಕಿ ಯಾರಣ್ಣಾ?”

ತಂಬಿಗೆಯ ನೀರು ಮುಗಿದಿತ್ತು. ಅವನು ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಮೆಟ್ಟಿಲಿಳಿದ.

ಮುಂದೆ ಕೆಲವು ತಿಂಗಳು ಏನೂ ಆಗಲಿಲ್ಲ. ಮಳೆಗಾಲ ಹಿಡಿಯಿತು. ಪಂಚಮಿಯ ಹಿಂದಿನ ದಿನ ಬಿಜಾಪುರದ ಕಡೆ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ತೆಳುವಾದ ರೊಟ್ಟಿ, ಕಾಳಿನ ಪಲ್ಲೆ ಮಾಡಿ ಅಕ್ಕಪಕ್ಕದವರಿಗೆಲ್ಲ ಬೀರುತ್ತಾರೆ. ಆ ದಿನ ಕೆಲಸ ಹೆಚ್ಚೆಂದು ಸೋಮವ್ವ ಇನ್ನೂ ಬೇಗ ಎದ್ದಿದ್ದಳು. ನೀರು, ಇದ್ದಲಿ, ಹಿಟ್ಟು, ಬೇಳೆ. ಹಿಂಡಿ ಕುಟ್ಟಲು ಕೂತಾಗ ಗೋಣಿಚೀಲ ಹುಡುಕಿದಳು. ಗ್ಯಾಲರಿಯಲ್ಲಿ ಒಣಹಾಕಿದ್ದು ರಾತ್ರಿಯ ಮಳೆಗೆ ಪೂರಾ ನೆನೆದಿತ್ತು. ಚೀಲವಿಲ್ಲದೆ, ಮೆಲ್ಲಗೆ, ಕುಟ್ಟಿದಳು.

ಮರೆಪ್ಪ ಎದ್ದು ಬಂದದ್ದು ಅವಳಿಗೆ ಕಾಣಲಿಲ್ಲ. ಎಡಗಿವಿಯ ಮೇಲೆ ಪೆಟ್ಟು ಬಿತ್ತು. ಅವಳು ಒರಳಿನ ಮೇಲೆ ಬಿದ್ದಳು. ಇನ್ನೊಂದು ಅದೇ ಕಿವಿಗೆ. “ಮಲಗಾಕೂ ಬಿಡಂಗಿಲ್ಲ” ಎಂದು ಅವನು ಬೆನ್ನಿಗೆ ಒದ್ದು, ಟಾವೆಲ್ಲು ಹೆಗಲಿಗೆ ಹಾಕಿಕೊಂಡು ನಳದ ಕಡೆ ಹೋದ. ಬಾಗಿಲು ತೆರೆದಾಗ ಗ್ಯಾಲರಿಯಲ್ಲಿ ಬೇಗ ಬಂದವರು ಇಬ್ಬರು ಮೂವರು ಮಳೆ ನೋಡುತ್ತ ನಿಂತಿದ್ದರು.

ಸೋಮವ್ವ ಚೆಲ್ಲಿದ ಹಿಂಡಿಯನ್ನು ಬಳಿದು ಬದಿಗಿಟ್ಟಳು. ಕಿವಿಯೊಳಗೆ ನಳದ ಗಾಳಿಯಂಥ ಸದ್ದು. ಎಸರು ಕುದಿಯುತ್ತಿತ್ತು. ಹಿಟ್ಟಿಗೆ ಸುರಿದಳು, ನಾದಿದಳು, ಬಡಿದಳು. ಬುಟ್ಟಿ ತುಂಬುತ್ತ ಬಂತು.

ಬೆಳಕು ಹರಿಯಿತು. ಗಂಡಸರು ಕಾಲೊರೆಸಿಕೊಂಡು ಒಳಬಂದು ಗೋಡೆಗುಂಟ ಕೂತರು. ಗದಿಗೆಪ್ಪನ ಕೈವಸ್ತ್ರದ ಗಂಟಿನಲ್ಲಿ ಖಣದ ಕೆಂಪು ಅಂಚು ಕಾಣುತ್ತಿತ್ತು; ಈ ವರ್ಷವೂ ತಂದಿದ್ದ. ಮರೆಪ್ಪ ಮಿಂದು, ಹಣೆಗೆ ವಿಭೂತಿ ಹಚ್ಚಿಕೊಂಡು, ಕಡೆಯ ತಾಟಿಗೆ ಬಂದು ಕೂತ.

ಅವಳು ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಮೊದಲ ತಾಟಿನಿಂದ ಶುರುಮಾಡಿದಳು. ರೊಟ್ಟಿ, ಪಲ್ಲೆ, ಬೇಳೆ, ಅಂಚಿಗೆ ಹಿಂಡಿ. ಶೆಟ್ಟೆಪ್ಪನಿಗೆ, ಗದಿಗೆಪ್ಪನಿಗೆ, ಅವನ ಆಚೆಯವನಿಗೆ. ಮರೆಪ್ಪನ ಮುಂದೆ ನಿಂತಳು. ಬುಟ್ಟಿಯಲ್ಲಿ ಇನ್ನೂ ಹಬೆಯಾಡುವ ರೊಟ್ಟಿಗಳಿದ್ದವು. ಹಾಕಿದರೆ ಈ ಬೆಳಗಿನದೂ ಕ್ಷಮೆಯಾಗುತ್ತದೆ. ಹಾಕದಿದ್ದರೆ ಅಂಬವ್ವನ ಸಾಲು ಒಡೆಯುತ್ತದೆ, ಹಬ್ಬದ ದಿನ ಇವರೆಲ್ಲ ಹಸಿದು ಏಳುತ್ತಾರೆ, ಏಳುವವರು ನಾಳೆ ಬರುವುದಿಲ್ಲ. ಫೋರ್ಟು ಬಹಳ ದೂರವಿತ್ತು. ವಿನೋದಿನಿ ಇಲ್ಲಿರಲಿಲ್ಲ.

ಸೋಮವ್ವ ಬುಟ್ಟಿ ಮುಚ್ಚಿ ಒಲೆಯ ಕಡೆ ತಿರುಗಿದಳು.

“ಸೋಮವ್ವಕ್ಕ, ಕಡೀ ಡಬ್ಬಿ ಬಿಟ್ಟು ಗಾಡಿ ಹೊಂಟತಲ್ಲ!” ಎಂದ ಶೆಟ್ಟೆಪ್ಪ. ಒಂದಿಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

“ಏ, ರೊಟ್ಟಿ ಹಾಕ” ಎಂದ ಮರೆಪ್ಪ. ಅವಳು ಕೆಂಡ ಸರಿಮಾಡುತ್ತಿದ್ದಳು. “ಕಿವಿ ಕೇಳಸವಲ್ದೇನು?”

“ಒಂದ ಕಿವಿ ಕೇಳಸವಲ್ದು” ಎಂದಳು.

ಮರೆಪ್ಪ ಸಾಲಿನ ಕಡೆ ನೋಡಿದ. ಸಿಟ್ಟಾಗಲಿಲ್ಲ, ಗೋಡೆಗೆ ಬೆನ್ನು ಕೊಟ್ಟು ಆರಾಮವಾಗಿ ಕೂತ. “ಯಾರೂ ಕೈ ಹಚ್ಚಬ್ಯಾಡ್ರೆಪಾ. ಅಂಬವ್ವನ ಸಾಲು ಇದು. ನೋಡೂಣಂತ.”

ತಾಟುಗಳಿಂದ ಹಬೆ ಏಳುತ್ತಿತ್ತು. ಎಲ್ಲರ ಬಲಗೈ ಮೊಣಕಾಲ ಮೇಲಿತ್ತು. ಸೋಮವ್ವ ಗದಿಗೆಪ್ಪನ ಕೈ ನೋಡಿದಳು. ಎಲ್ಲರೂ ಬೇಡ, ಅವನೊಬ್ಬ ಒಂದು ತುತ್ತು ಮುರಿದರೆ ಸಾಕಿತ್ತು.

ಗದಿಗೆಪ್ಪ ಗಂಟಲು ಸರಿಮಾಡಿಕೊಂಡ. “ತಂಗಿ, ಒಂದ ರೊಟ್ಟಿ ಹಾಕಿಬಿಡವ್ವ. ಹಬ್ಬದ ದಿನ ಐತಿ. ಎಲ್ಲಾರಿಗೂ ಹೊತ್ತಾಗೇತಿ.”

ಅವಳು ಹಿಟ್ಟಿನ ಕಡೆ ತಿರುಗಿದಳು. ಬಡಿಯದ ಹಿಟ್ಟು ಒಂದು ಉಂಡೆಯಷ್ಟು ಉಳಿದಿತ್ತು. ಅದನ್ನು ಬಡಿದಳು. ಹಂಚಿಗೆ ಹಾಕಿ, ನೀರು ಒರೆಸಿ, ತಿರುವಿದಳು. ರೊಟ್ಟಿ ಪೂರಾ ಉಬ್ಬಿತು. ಮೂಲೆಯಿಂದ ತನ್ನ ತಾಟು ಎಳೆದುಕೊಂಡು, ಗಂಡಸರ ಸಾಲಿಗೆ ಎದುರಾಗಿ, ಒಲೆಯ ಪಕ್ಕ ಕಾಲು ಮಡಚಿ ಕೂತಳು. ಬಳಿದಿಟ್ಟ ಹಿಂಡಿಯನ್ನು ಹಾಕಿಕೊಂಡಳು. ಎಲ್ಲರಿಗಿಂತ ಮೊದಲು ರೊಟ್ಟಿ ಮುರಿದಳು.

ಬೆರಳಿಗೆ ಬಿಸಿ ಹತ್ತಿತು. ಬಾಯಿಗಿಟ್ಟಳು. ಅಗಿದಾಗ ಎಡಗಿವಿಯವರೆಗೆ ನೋವು ಏರಿತು. ಕಣ್ಣು ತುಂಬಿ ಸಾಲು ಮಸುಕಾಯಿತು. ಆ ಮಸುಕಿನಲ್ಲೇ ಗದಿಗೆಪ್ಪ ಎದ್ದದ್ದು ಕಂಡಿತು, ಕೈವಸ್ತ್ರದ ಗಂಟನ್ನು ಹಿಡಿದುಕೊಂಡೇ. ಅವನ ಹಿಂದೆ ಇನ್ನೊಬ್ಬ ಎದ್ದ. ಒಬ್ಬೊಬ್ಬರಾಗಿ ಎಲ್ಲರೂ ಮುಟ್ಟದ ತಾಟುಗಳನ್ನು ದಾಟಿ ಮಳೆಗೆ ಇಳಿದರು. ಕಡೆಯ ತಾಟಿನ ಮುಂದೆ ಮರೆಪ್ಪ ಒಬ್ಬನೇ ಉಳಿದ, ಅವಳನ್ನೇ ನೋಡುತ್ತ.

ಸೋಮವ್ವ ಒಂದು ಗುಟುಕು ನೀರು ಕುಡಿದು ತುತ್ತು ಇಳಿಸಿದಳು. ಮತ್ತೆ ರೊಟ್ಟಿ ಮುರಿದಳು.